ವಾಲ್ಡೆಮಾರನ ಉಪ್ಪಿನ ಬೇಟೆ

ಎಲ್ಲಕ್ಕೂ ಕಾರಣ ಡಾಕ್ಟರಮ್ಮನ ಒಂದು ಮಾತು: "ಮೂರು ದಿನ ಧಾರಾಳವಾಗಿ ಉಪ್ಪು ತಿನ್ನಿ. ಮೂರನೆಯ ದಿನದ ಮೂತ್ರವನ್ನೆಲ್ಲ ಈ ಕ್ಯಾನಿನಲ್ಲಿ ಹಿಡಿದು ತನ್ನಿ."

ಮೊಂಟೆವಿಡಿಯೋದಲ್ಲಿ ಸೋಫಾ ಹೊಲಿಯುವ ವಾಲ್ಡೆಮಾರ್ ತನ್ನ ಕಿವಿಯನ್ನೇ ನಂಬಲಿಲ್ಲ. ಅಷ್ಟು ಉಪ್ಪು ತಿಂದರೂ ಮೂತ್ರದಲ್ಲಿ ಹಾರ್ಮೋನು ಇಳಿಯದಿದ್ದರೆ, ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಗ್ರಂಥಿಯೇ ರಕ್ತದೊತ್ತಡದ ಅಪರಾಧಿಯಂತೆ. ಅದನ್ನು ಕಿತ್ತರೆ, ಕೂತಲ್ಲೇ ತಲೆ ತಿರುಗಿಸುವ ಮಾತ್ರೆಗಳಿಂದ ಬಿಡುಗಡೆ!

ಆದರೆ ಉಪ್ಪಿನ ಡಬ್ಬಿಯನ್ನು ಹೆಂಡತಿ ಸುಲ್ಮಾ ಎಂದೋ ಗಡೀಪಾರು ಮಾಡಿದ್ದಳು.

"ಡಾಕ್ಟ್ರೇ ತಿನ್ನು ಅಂದ್ರು ಕಣೇ!"

"ಹೂಂ, ಹೋದ್ಸಲ ವೈನ್ ಕುಡಿ ಅಂದಿದ್ದೂ ಅವರೇ ಅಲ್ವಾ?"

ಬೀದಿಯ ಅಂಗಡಿಗಳಿಗೆ ಓಡಿದರೆ, ಸುಲ್ಮಾಳ ಫೋನು ಅವನಿಗಿಂತ ಮುಂಚೆ ತಲುಪಿತ್ತು. ಊಟದಂಗಡಿಯ ಮೇಜುಗಳ ಮೇಲೆ ಉಪ್ಪಿಡುವಂತಿಲ್ಲವೆಂಬುದು ಊರಿನ ಕಾನೂನು, ಕೇಳಿಯೇ ಪಡೆಯಬೇಕು. ಕೇಳಿದ.

"ನಿನ್ನ ಬಿಪಿ ನಂಗೊತ್ತಿಲ್ವಾ ಮಾರಾಯ?" ಎಂದ ಮಾಣಿ ಇಸಬೆಲಿನೊ. "ನನ್ನ ಟೇಬಲ್ ಮೇಲೆ ಹೆಣ ಬೀಳೋದು ಬೇಡ."

ಪಕ್ಕದ ಮೇಜಿನವನು ಬೆನ್ನು ಸವರಿದ: "ಜೀವ ಬೇಜಾರಾಯ್ತೇನಪ್ಪಾ?"

ಬೋನಿಗೆ ಬಿದ್ದ ಇಲಿಯಂತೆ ಚಡಪಡಿಸುತ್ತ ಹಿಂದಿರುಗುವಾಗ ಅವನಿಗೆ ಹೊಳೆಯಿತು: ಪ್ರೀತಿಸುವವರ ಬಳಿ ಉಪ್ಪು ಸಿಗದು, ಸಾವು ಬಯಸುವವರ ಬಳಿ ಸಿಕ್ಕೀತು. ನೆರೆಮನೆಯ ಒಲಿಂಪಿಯಾ ಮುದುಕಿ, ತನ್ನ ನಿಂಬೆಮರದ ಕೊಂಬೆಯನ್ನು ಅವನು ಕಡಿದಂದಿನಿಂದ, ಬೆಳಗಾದರೆ ಬೇಲಿಯ ಬಳಿ ನಿಂತು ಶಪಿಸುತ್ತಿದ್ದಳು.

"ಉಪ್ಪು ತಿಂದು ಸಾಯ್ತೀಯಾ? ಬಾರೋ, ನಾನೇ ಬಡಿಸ್ತೀನಿ!" ಎಂದವಳೇ, ಮಾಂಸದ ತುಂಡನ್ನು ಸುಣ್ಣ ಬಳಿದ ಗೋಡೆಯಂತೆ ಮಾಡಿಬಿಟ್ಟಳು. ತುಸು ಕಹಿಯೆನಿಸಿತು, ಆಕೆಯ ಕೈಗುಣವೆಂದುಕೊಂಡ. ಮೂರೂ ದಿನ ಅಲ್ಲೇ ಉಂಡ.

ನಾಲ್ಕನೆಯ ದಿನ ಬೆಳಿಗ್ಗೆ, ತುಂಬಿದ ಕ್ಯಾನನ್ನು ಮಾಟೆ ಕಷಾಯದ ಫ್ಲಾಸ್ಕಿನ ಚೀಲದಲ್ಲಿ ಬಚ್ಚಿಟ್ಟುಕೊಂಡು ಆಸ್ಪತ್ರೆಗೆ ಹೊರಟರೆ, ಕಾರ್ಖಾನೆಯ ಗೆಳೆಯರು ಬೆನ್ನುಹತ್ತಿದರು: "ಒಂದು ಗುಟುಕು ಕೊಡೋ, ಜಿಪುಣ!" ಚೀಲವನ್ನು ಕೂಸಿನಂತೆ ಅವುಚಿಕೊಂಡು ಓಡಿದ.

ವಾರದ ನಂತರ ಡಾಕ್ಟರಮ್ಮ ವರದಿ ನೋಡಿ ಕನ್ನಡಕ ತೆಗೆದರು. "ಮೂತ್ರದಲ್ಲಿ ಸೋಡಿಯಂ ಹೆಸರಿಗೂ ಇಲ್ವಲ್ರೀ! ಉಪ್ಪೇ ತಿಂದಿಲ್ಲ ನೀವು. ಪರೀಕ್ಷೆ ದಂಡ. ಇನ್ನು ನಿಮ್ಮ ಸರದಿ ಚಳಿಗಾಲಕ್ಕೇ. ಅಲ್ಲೀವರೆಗೂ ಮಾತ್ರೆ ನುಂಗಿ."

ಕೆಂಡವಾದ ವಾಲ್ಡೆಮಾರ್ ಮುದುಕಿಯ ಬಾಗಿಲು ಬಡಿದ. "ಏನಮ್ಮಾ ತಿನ್ನಿಸಿದ್ರಿ ನಂಗೆ?"

ಆಕೆ ನಾಚಿ ಡಬ್ಬಿ ತೋರಿಸಿದಳು: ಬಿಪಿಯವರಿಗೆಂದೇ ಮಾಡಿದ, ಸೋಡಿಯಂ ಇಲ್ಲದ ಉಪ್ಪು.

"ನಾನು ಸಾಯ್ಲಿ ಅಂತ ದಿನಾ ಶಾಪ ಹಾಕ್ತಿದ್ರಲ್ಲ!"

"ಹಾಕ್ತೀನಪ್ಪ," ಎಂದಳು ಒಲಿಂಪಿಯಾ. "ನಿಜವಾಗ್ಲೂ ಸತ್ತುಹೋದ್ರೆ, ಬೆಳಗೆದ್ದು ಯಾರಿಗೆ ಹಾಕ್ಲೋ?"