ಲಯನೆಲ್ ಪೆಗ್ಗು ಬಿಟ್ಟು ತೆಳ್ಳಗಾದದ್ದು

ಲಯನೆಲ್‌ನನ್ನು ಒಳಗೆ ಸೇರಿಸಿಕೊಳ್ಳಲು ಅವನ ಕೋಟು ಒಪ್ಪಲಿಲ್ಲ. ತನ್ನ ಮದುವೆಗೆಂದು ಹೊಲಿಸಿದ್ದ ಕಪ್ಪು ಕೋಟು ಅದು. ಇನ್ನು ಕೆಲವೇ ತಿಂಗಳಲ್ಲಿ ಅಣ್ಣನ ಮಗಳು ಮೆರ್ಲಿನ್‌ಳ ಮದುವೆ. ಗ್ಲಾಸ್ ಎತ್ತಿ ವಧೂವರರಿಗೆ ಟೋಸ್ಟ್ ಹೇಳುವ ಗೌರವ ಅವನ ಪಾಲಿಗೆ ಬಂದಿತ್ತು. ಉಸಿರು ಬಿಗಿಹಿಡಿದು ಬಟನ್ ಹಾಕಿದ. ಬಟನ್ ಸಿಡಿದು ಫ್ರಿಜ್ಜಿನ ಅಡಿ ಸೇರಿತು.

“ಡ್ರೈಕ್ಲೀನ್‌ನವರು ಕುಗ್ಗಿಸಿ ಬಿಟ್ಟಿದ್ದಾರೆ ಇದನ್ನು!”

“ಡ್ರೈಕ್ಲೀನಿಗೆ ಕೊಟ್ಟದ್ದು ಯಾವಾಗ?” ಎಂದಳು ಹೆಂಡತಿ ರೀಮಾ. ಅವಳು ಸ್ಟಾಫ್ ನರ್ಸ್. ಸುಳ್ಳು ಹೇಳುವ ರೋಗಿಗಳನ್ನು ಮುಖ ನೋಡಿಯೇ ಗುರುತಿಸುವವಳು.

ಬೈಕಂಪಾಡಿಯ ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದ ಲಯನೆಲ್ ಯಾವುದನ್ನೂ ಅರ್ಧಂಬರ್ಧ ಮಾಡುವವನಲ್ಲ. ಮರುದಿನವೇ ಉದರನಿರ್ಮೂಲನ ಮಹಾಯಜ್ಞ ಆರಂಭವಾಯಿತು. ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ನಡಿಗೆ. ಕುಚ್ಚಲಕ್ಕಿ ಅನ್ನ ಬಂದ್. ತೆಂಗಿನಕಾಯಿ ಅರೆದು ಹಾಕಿದ ಮೀನಿನ ಸಾರೂ ಬಂದ್. (ಅನ್ನ ಬಿಟ್ಟ ಗಂಡನಿಗೆ ಚಪಾತಿ ಲಟ್ಟಿಸಿ ಕೊಡುವವರು ಯಾರೆಂದು ಅವನು ಯೋಚಿಸಿರಲಿಲ್ಲ.) ಬಂದ್ ಆಗದೆ ಉಳಿದದ್ದು ಒಂದೇ: ಪಕ್ಕದ ಮನೆ ಗ್ರೆಗರಿಯ ಟೆರೇಸಿನಲ್ಲಿ ಸಂಜೆಯ ಪೆಗ್ಗು.

ಗಲ್ಫಿನಿಂದ ನಿವೃತ್ತನಾಗಿ ಬಂದ ಗ್ರೆಗರಿಗೆ ತಿಳಿಯದ ಶಾಸ್ತ್ರವೇ ಇರಲಿಲ್ಲ. “ವಿಸ್ಕಿಯಲ್ಲಿ ಕೊಬ್ಬು ಉಂಟಾ? ಇಲ್ಲ. ಸಕ್ಕರೆ ಉಂಟಾ? ಇಲ್ಲ. ಮತ್ತೆ ದಪ್ಪ ಆಗುವುದು ಎಲ್ಲಿಂದ ಮಾರಾಯ?”

ಲಯನೆಲ್‌ಗೆ ಇದು ಸುವಾರ್ತೆಯಂತೆ ಕೇಳಿಸಿತು. ಅನ್ನ ಬಿಟ್ಟು ಅದುಮಿಟ್ಟ ಹಸಿವೆಲ್ಲ ಮೊದಲ ಪೆಗ್ಗು ಇಳಿಯುತ್ತಲೇ ಎದ್ದು ನಿಲ್ಲುತ್ತಿತ್ತು. ಎದುರಿಗೆ ಪೋರ್ಕ್ ಫ್ರೈ, ಹುರಿದ ಗೋಡಂಬಿ. “ತಿನ್ನು, ಎಲ್ಲ ಪ್ರೋಟೀನು,” ಎಂದು ಗ್ರೆಗರಿ ಆಶೀರ್ವದಿಸುತ್ತಿದ್ದ. ಬೆಳಿಗ್ಗೆ ತಲೆಭಾರ, ನಡಿಗೆ ಪಾರ್ಕಿನ ಮೊದಲ ಬೆಂಚಿನಲ್ಲಿ ಮುಕ್ತಾಯ.

ಕೆಲವು ವಾರ ಕಳೆದು ತೂಕ ನೋಡಿದರೆ, ಮುಳ್ಳು ಮೊದಲಿಗಿಂತ ಮುಂದೆ ಹೋಗಿತ್ತು.

“ಈ ಮಿಷನ್ ಹಾಳಾಗಿದೆ.”

ರೀಮಾ ಹತ್ತಿ ನಿಂತಳು. “ನನಗೆ ಸರಿ ತೋರಿಸ್ತದಲ್ಲ?”

“ಅನ್ನ ಮುಟ್ಟದೆ ಎಷ್ಟು ಕಾಲ ಆಯ್ತು! ಈ ಹೊಟ್ಟೆ ಎಂತ ತಿಂದು ಬೆಳೀತದೆ ಮಾರಾಯ್ತಿ?”

“ಕೇಳಿ. ಕ್ಯಾಶುವಾಲ್ಟಿಗೆ ಆ್ಯಕ್ಸಿಡೆಂಟ್ ಕೇಸ್ ಬಂದರೆ ನಾವು ಉಳಿದವರನ್ನು ಕೂರಿಸಿ ಅದನ್ನೇ ಮೊದಲು ನೋಡ್ತೇವೆ. ನಿಮ್ಮ ಪೆಗ್ಗು ಹಾಗೆ. ಅದು ಒಳಗೆ ಹೋದ ಕೂಡಲೇ ಲಿವರ್ ಕೈಯಲ್ಲಿದ್ದ ಕೆಲಸ ಬಿಟ್ಟು ಅದರ ಹಿಂದೆ ಓಡ್ತದೆ. ಪೋರ್ಕ್ ಕಾಯ್ತದೆ, ಗೋಡಂಬಿ ಕಾಯ್ತದೆ. ಕಾದು ಕಾದು ಸಾಕಾಗಿ ಅಲ್ಲೇ ಅಡ್ಮಿಟ್ ಆಗ್ತವೆ.” ಅವಳ ಬೆರಳು ವಾರ್ಡನ್ನು ತೋರಿಸಿತು. ವಾರ್ಡು ಬನಿಯನ್ನಿನ ಕೆಳಗಿನಿಂದ ಇಣುಕುತ್ತಿತ್ತು.

ಲಯನೆಲ್‌ಗೆ ರೋಷ ಉಕ್ಕಿತು. “ಹಾಗಾದ್ರೆ ಬಿಟ್ಟೆ! ಇವತ್ತಿನಿಂದ ಒಂದು ಹನಿಯೂ ಇಲ್ಲ.”

ಬಿಟ್ಟೇ ಬಿಟ್ಟ. ಇದು ಸ್ನೇಹದ್ರೋಹವೆಂದು ಗ್ರೆಗರಿ ಮಾತು ನಿಲ್ಲಿಸಿದ. ಸಂಜೆಯಾದರೆ ಲಯನೆಲ್ ಬಾಲ್ಕನಿಯಲ್ಲಿ ಮಜ್ಜಿಗೆ ಹಿಡಿದುಕೊಂಡು, ಆ ಟೆರೇಸಿನಿಂದ ತೇಲಿ ಬರುವ ಪೋರ್ಕಿನ ಪರಿಮಳಕ್ಕೆ ನಿಟ್ಟುಸಿರು ಬಿಡುತ್ತಿದ್ದ. ಆದರೆ ನಿದ್ದೆ ಗಡದ್ದಾಗಿ ಬಂತು. ಕದ್ರಿಯ ಏರು ಹತ್ತುವಾಗ ಏದುಸಿರು ನಿಂತಿತು. ಮದುವೆಯ ಬೆಳಿಗ್ಗೆ ಕೋಟು ಒಂದು ಮಾತೂ ಆಡದೆ ಮುಚ್ಚಿಕೊಂಡಿತು.

“ಹೀರೋ ಹಾಗೆ ಕಾಣ್ತೀರಿ,” ಎಂದಳು ರೀಮಾ. ಇಡೀ ಹಾಲ್ ಇದನ್ನೇ ಹೇಳೀತೆಂಬ ಭರವಸೆಯಲ್ಲಿ ಲಯನೆಲ್ ಎದೆಯುಬ್ಬಿಸಿ ಹೊರಟ.

ಹಾಲಿನ ಬಾಗಿಲಲ್ಲೇ ಸಿಕ್ಕಿದವರು ಊರಿನ ಸುದ್ದಿಯೆಲ್ಲ ಬಲ್ಲ ಲೂರ್ಡ್ಸ್ ಆಂಟಿ.

“ಪುತಾ, ಮಗಾ, ಎಂತ ಆಯ್ತು ನಿನಗೆ? ಮುಖ ಎಲ್ಲ ಬತ್ತಿ ಹೋಗಿದೆಯಲ್ಲ! ಶುಗರಾ?”

“ಇಲ್ಲ ಆಂಟಿ, ಪೆಗ್ಗು ಬಿಟ್ಟೆ. ಹಾಗೆ ಸಪೂರ ಆದದ್ದು.”

“ಪೆಗ್ಗು ಬಿಟ್ಟೆಯಾ!” ಆಂಟಿ ಶಿಲುಬೆಯ ಗುರುತು ಹಾಕಿಕೊಂಡರು. “ನೀನಾಗಿ ಬಿಟ್ಟದ್ದಾ, ಡಾಕ್ಟರು ಬಿಡಿಸಿದ್ದಾ?”

“ನಾನಾಗಿಯೇ!”

“ಹೌದು ಹೌದು,” ಎಂದು ಆಂಟಿ ಅವನ ಕೈ ತಟ್ಟಿದರು, ರೋಗಿಯ ಎದುರು ರೋಗದ ಹೆಸರು ಎತ್ತಬಾರದೆಂಬ ದಯೆಯಿಂದ.

ಕೇಕ್ ಕತ್ತರಿಸುವ ಹೊತ್ತಿಗೆ ಹಾಲಿಗೆ ಹಾಲೇ ವಿಷಯ ತಿಳಿದಿತ್ತು: ಲಯನೆಲ್‌ನ ಲಿವರ್ ಮುಗಿದಿದೆ, ಪಾಪ, ರೀಮಾ ಯಾರಿಗೂ ಹೇಳದೆ ಮನೆಯಲ್ಲೇ ನೋಡಿಕೊಳ್ಳುತ್ತಿದ್ದಾಳೆ. ಅವನು ದ್ರಾಕ್ಷಿ ಜ್ಯೂಸ್ ಎತ್ತಿ “ಈ ಜೋಡಿ ನೂರು ಕಾಲ ಬಾಳಲಿ” ಎಂದಾಗ ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ತನ್ನ ಭಾಷಣ ಅಷ್ಟು ಹೃದಯಸ್ಪರ್ಶಿಯಾಗಿತ್ತೆಂದು ಲಯನೆಲ್ ಹಿಗ್ಗಿದ. ಮಾತು ಬಿಟ್ಟಿದ್ದ ಗ್ರೆಗರಿ ಸಹ ಬಂದು ತಬ್ಬಿಕೊಂಡು, “ನನಗೊಂದು ಮಾತು ಹೇಳಬಾರದಿತ್ತಾ ಮಾರಾಯ,” ಎಂದು ಗದ್ಗದಿತನಾದ. ಏನು ಹೇಳಬೇಕಿತ್ತೆಂದು ಲಯನೆಲ್‌ಗೆ ತಿಳಿಯಲಿಲ್ಲ.

ತಿಳಿದದ್ದು ಭಾನುವಾರ, ಇಗರ್ಜಿಯಲ್ಲಿ. ತೆಳ್ಳಗಿನ ದೇಹವನ್ನು ಎಲ್ಲರೂ ನೋಡಲೆಂದು ಮುಂದಿನ ಬೆಂಚಿನಲ್ಲೇ ಕುಳಿತಿದ್ದ. ರೋಗಿಗಳಿಗಾಗಿ ಪ್ರಾರ್ಥನೆ ಶುರುವಾಯಿತು.

“ಗಂಭೀರ ಕಾಯಿಲೆಯನ್ನು ಧೈರ್ಯದಿಂದ ಎದುರಿಸುತ್ತಿರುವ ನಮ್ಮ ಸಹೋದರ ಲಯನೆಲ್, ಬೇಗನೆ ಮೊದಲಿನ ಹಾಗೆ ಆಗಲೆಂದು ಪ್ರಾರ್ಥಿಸೋಣ.”

ಲಯನೆಲ್ ಎದ್ದು ನಿಲ್ಲಲು ಹೋದ. ನಗು ತಡೆಯಲು ತುಟಿ ಕಚ್ಚಿದ್ದ ರೀಮಾ ಅವನ ತೋಳು ಹಿಡಿದು ಕೂರಿಸಿದಳು.

“ದೇವರೇ, ನಮ್ಮ ಮೊರೆ ಆಲಿಸು,” ಎಂದಿತು ಇಡೀ ಇಗರ್ಜಿ. ಅದರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಭಕ್ತಿಯಿಂದ ಕೇಳಿಸಿದ್ದು ಗ್ರೆಗರಿಯ ಸ್ವರ.