ಕೆರೆ ದಂಡೆಯ ಮೇಲೆ ಓಡಲು ಹೋಗಿ

ಬೇರೆಯವರು ಓಡಿದರೆ ಬೆವರು ಬರುತ್ತದೆ, ನಾನು ಓಡಿದರೆ ಏನಾದರೊಂದು ಭಾನಗಡಿಯಾಗುತ್ತದೆ.

ನಮ್ಮದು ಸೊಲ್ಲಾಪುರದ ನವಿ ಪೇಠದಲ್ಲಿ ಸೀರೆ ಅಂಗಡಿ, ಅಂಗಡಿಯ ಮೇಲೆಯೇ ಮನೆ. ನಾನು ಹುಟ್ಟಾ ಚಿಂತೆಯವಳು. ಬೀಗ ಹಾಕಿ ಓಣಿಯ ತುದಿಗೆ ಹೋದ ಮೇಲೂ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ. ಇಂಥವಳಿಗೆ ಸಕ್ಕರೆ ಕಾಯಿಲೆ ಬಂತು. ನಮ್ಮ ಅವ್ವನ ಕಣ್ಣು ಹೋಗಿದ್ದೂ ಇದರಿಂದಲೇ. ಹಾಗಾಗಿ ಡಾಕ್ಟರು ರಿಪೋರ್ಟು ನೋಡಿ ತಲೆ ಎತ್ತುವುದರೊಳಗೆ ನಾನು ಅಳಲು ಶುರು ಮಾಡಿದ್ದೆ.

“ಅಳಬ್ಯಾಡ್ರಿ, ಓಡ್ರಿ,” ಅಂದರು ಅವರು. “ಕೆರಿ ದಂಡಿ, ಗಿಡಾ, ಹಕ್ಕಿ ಇರೋ ಕಡೆ ಹೋಗ್ರಿ. ಸಕ್ಕರಿನೂ ಇಳೀತದ, ಚಿಂತಿನೂ ಇಳೀತದ.”

ಸಕ್ಕರೆಯೇನೋ ಇಳಿಯಿತು. ಚಿಂತೆಯ ಕಥೆ ಕೇಳಿ.

ಊರೊಳಗಿನ ಕೆರೆ

ಮೊದಲು ಕೋಟೆಯ ಪಕ್ಕದ ಕೆರೆಗೇ ಹೋದೆ. ಬೆಳಗಿನ ಗಾಳಿ, ನೀರಿನ ನಡುವೆ ಗುಡಿ, ನೋಡಲು ಬಹಳ ಚೆಂದ. ಆದರೆ ಅಲ್ಲಿ ತಿರುಗಾಡುವವರಲ್ಲಿ ಅರ್ಧ ಜನ ನಮ್ಮ ಬೀಗರು, ಉಳಿದರ್ಧ ನಮ್ಮ ಗಿರಾಕಿಗಳು. ಯಾರು ನೋಡುತ್ತಾರೋ ಎಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಓಡುತ್ತಿದ್ದೆ.

ಒಂದು ದಿನ ನಮ್ಮ ಪೇಠದ ಕಿರಾಣಿ ಅಂಗಡಿಯವನ ಹೆಂಡತಿ ನನ್ನ ಪಕ್ಕಕ್ಕೆ ಬಂದು ಬಿರಬಿರನೆ ನಡೆಯತೊಡಗಿದಳು. “ವೈನಿ, ನಿಮ್ಮ ಮಗಗ ಹೆಣ್ಣು ನೋಡಾಕತ್ತೀರಂತಲ್ಲ? ನಮ್ಮ ಅಕ್ಕನ ಮಗಳದಾಳ. ಚಲೋ ಹುಡುಗಿ. ಆಗಬಹುದಲ್ಲ? ರವಿವಾರ ಕರ್ಕೊಂಡು ಬರ್ಲ್ಯಾ?”

ನನಗೆ ಉಸಿರೇ ಇರಲಿಲ್ಲ, ಮಾತೆಲ್ಲಿಂದ ಬರಬೇಕು? ಓಡುತ್ತಲೇ ಇದ್ದೆ.

ರವಿವಾರ ಹುಡುಗಿ, ಹುಡುಗಿಯ ಅಪ್ಪ, ಅವ್ವ, ಎರಡು ಡಬ್ಬಿ ಪೇಢೆ ಎಲ್ಲವೂ ನಮ್ಮ ಮೆಟ್ಟಿಲು ಹತ್ತಿ ಬಂದವು. ಬನಿಯನ್ನಿನಲ್ಲಿ ಕೂತಿದ್ದ ಮಗ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದ.

“ಅವ್ವಾ, ನಾ ಹೂಂ ಅಂದಿಲ್ಲ!”

“ನಾನೂ ಅಂದಿಲ್ಲಪಾ!” ಅಂದೆ.

ಕಿರಾಣಿ ಅಂಗಡಿಯವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. “ಹಂಗ್ಯಾಕಂತೀರಿ ವೈನಿ? ಕೆರಿ ಸುತ್ತು ಮುಗಿಯೂತನಕಾ ಹೂಂ ಹೂಂ ಅಂತ ತಲಿ ಅಲ್ಲಾಡಿಸೇ ಅಲ್ಲಾಡಿಸಿದ್ರಿ!”

ಆ ರಾತ್ರಿ ನಮ್ಮ ಯಜಮಾನರು ಒಂದೇ ಮಾತು ಹೇಳಿದರು. “ನಾಳಿಂದ ಓಡೋದಾದ್ರ ಕಾಲಷ್ಟ ಓಡಸು.”

ಹಿಪ್ಪರಗಿ ಕೆರೆ

ಗುರುತಿನವರ ಕಾಟವೇ ಬೇಡವೆಂದು ಆಟೋ ಮಾಡಿಕೊಂಡು ಊರ ಹೊರಗಿನ ಹಿಪ್ಪರಗಿ ಕೆರೆಗೆ ಹೋದೆ. ಚಳಿಗಾಲ. ನೀರಿನ ಮೇಲೆ ಮಂಜು, ದಂಡೆಯುದ್ದಕ್ಕೂ ಬೆಳ್ಳಗೆ ಹಕ್ಕಿಗಳು. ಅಲ್ಲಿ ಜನರೇ ಇರಲಿಲ್ಲ. ಜನ ಇದ್ದರೆ ನನಗೆ ನಾಚಿಕೆ, ಇಲ್ಲದಿದ್ದರೆ ಹೆದರಿಕೆ. ಕೊರಳಲ್ಲಿ ಬಂಗಾರವಿದೆ ಎಂಬುದು ಓಡಲು ಶುರು ಮಾಡಿದ ಮೇಲೆ ನೆನಪಾಯಿತು.

ಸ್ವಲ್ಪ ದೂರ ಹೋಗಿದ್ದೆ, ಪಕ್ಕದ ಪೊದೆ “ಶ್ಶ್!” ಅಂತು.

ನಿಂತೆ. ಪೊದೆ ಸಣ್ಣಗೆ ಅಲುಗಿತು. ಕಳ್ಳರು ಕೊರಳಿಗೆ ಕೈ ಹಾಕುತ್ತಾರೆ, ಬಾಯಿಗೆ ಹಾಕುವುದಿಲ್ಲ ಎಂದು ಯಾಕೆ ಅನ್ನಿಸಿತೋ, ಮಂಗಳಸೂತ್ರವನ್ನು ಬಾಯೊಳಗೆ ತುರುಕಿಕೊಂಡು ಹಲ್ಲು ಕಚ್ಚಿ ದಂಡೆಗುಂಟ ಓಡಿದೆ. ಆ ಓಟಕ್ಕೆ ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ಭರ್ರನೆ ಎದ್ದವು. ಪೊದೆಗಳೂ ಎದ್ದವು! ಒಂದೊಂದು ಪೊದೆಗೂ ಒಂದೊಂದು ಉದ್ದನೆಯ ಕ್ಯಾಮೆರಾ.

“ಅಹೋ ಕಾಕೂ! ಹೇ ಕಾಯ ಕೇಲಂತ ತುಮ್ಹಿ!” ಇದೇನು ಮಾಡಿಬಿಟ್ಟಿರಿ ಎಂದು ಒಬ್ಬ ಮರಾಠಿಯಲ್ಲಿ ಕೂಗಿ ತಲೆ ಮೇಲೆ ಕೈಹೊತ್ತುಕೊಂಡ. ಹಕ್ಕಿ ಹತ್ತಿರ ಬರಲೆಂದು ಕತ್ತಲಿರುವಾಗಿನಿಂದ ಸೊಪ್ಪು ಹೊದ್ದು ಮಿಸುಕದೆ ಮಲಗಿದ್ದರಂತೆ. ಬಾಯಲ್ಲಿ ಬಂಗಾರವಿಟ್ಟುಕೊಂಡು ನಾನು ಏನು ಉತ್ತರ ಕೊಡಲಿ? ಕೈ ಮುಗಿದೆ.

ಅವರಲ್ಲೊಬ್ಬ ಕ್ಯಾಮೆರಾದೊಳಗೆ ಇಣುಕಿ ನೋಡಿದ. ಹಕ್ಕಿಗಳು ಹಾರಿದ ಫೋಟೋ ಇನ್ನೊಬ್ಬನಿಗೆ ತೋರಿಸಿದ. ಇಬ್ಬರೂ ಏನೋ ಗುಸುಗುಸು ಮಾಡಿದರು. ಬಯ್ದವನೇ ಮೆಲ್ಲಗೆ ನನ್ನ ಹತ್ತಿರ ಬಂದ.

“ಕಾಕೂ, ಅವು ತಿರುಗಿ ಬಂದು ಕುಂತ ಮ್ಯಾಲೆ ಇನ್ನೊಮ್ಮೆ ಹಂಗ ಓಡ್ತೀರೇನು?”

ತವರಿನ ಕೆರೆ

ಕೊನೆಗೆ ತವರೇ ವಾಸಿ ಅನ್ನಿಸಿತು. ಅಕ್ಕಲಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ತಮ್ಮನ ಹೊಲಕ್ಕೆ ಹತ್ತಿಯೇ ಕೆರೆ ಇದೆ. ಒಂದು ಬದಿ ತೊಗರಿ, ಇನ್ನೊಂದು ಬದಿ ನೀರು, ನಡುವೆ ಮೆತ್ತನೆಯ ಮಣ್ಣಿನ ಏರಿ. ಒಬ್ಬಳೇ ಹೋಗಿ ಇಳಿದ ಮರುದಿನ ಬೆಳಿಗ್ಗೆ ಅದರ ಮೇಲೆ ಓಡಿದೆ. ಕೂದಲು ಬಿಚ್ಚಿಹೋಗಿತ್ತು. ಕಾಲು ಜಾರಿದರೆ ಗತಿಯೇನು ಎಂಬ ಚಿಂತೆಗೆ ಮತ್ತೆ ಮತ್ತೆ ನೀರು ನೋಡುತ್ತಿದ್ದೆ.

ಎಮ್ಮೆ ಮೇಯಿಸುತ್ತಿದ್ದ ಊರ ಹಿರಿಯ ಕಾಕಾ ಇದನ್ನು ಕಂಡ. ಗಂಡನ ಮನೆಯಿಂದ ಒಬ್ಬಳೇ ಬಂದ ಮಗಳು, ಕೂದಲು ಕೆದರಿಕೊಂಡು, ನೀರು ನೋಡುತ್ತ ಓಡುತ್ತಿದ್ದಾಳೆ! ಬಡಿಗೆ ಬಿಸಾಕಿ ಬೆನ್ನು ಹತ್ತಿದ.

“ಬ್ಯಾಡವ್ವಾ, ಬ್ಯಾಡ! ಜೀವಾ ದೊಡ್ಡದು!”

ಜೀವ ದೊಡ್ಡದು ಎಂದು ಯಾರೋ ಕಿರುಚುತ್ತ ಬೆನ್ನಟ್ಟಿದರೆ ಯಾರು ನಿಲ್ಲುತ್ತಾರೆ? ಇನ್ನೂ ಜೋರಾಗಿ ಓಡಿದೆ. ಕಳೆ ತೆಗೆಯುತ್ತಿದ್ದ ಹೆಂಗಸರು ಅಡ್ಡ ಬಂದು ನನ್ನನ್ನು ಹಿಡಿದು ಬೇವಿನ ಗಿಡದ ಕೆಳಗೆ ಕೂರಿಸಿದರು.

“ಏನಾತು, ಹೇಳವ್ವಾ,” ಅಂದ ಕಾಕಾ.

ಏದುಸಿರಿನಲ್ಲಿ ಒಂದೇ ಮಾತು ಹೊರಟಿತು. “ಸಕ್ಕರಿ...”

ಕಾಕಾ ಹಣೆ ಬಡಿದುಕೊಂಡ. “ಅಷ್ಟು ದೊಡ್ಡ ಪೇಠಿ ಮನಿ, ಹುಡುಗಿಗೆ ಸಕ್ಕರಿನೂ ತಿನ್ನಾಕ ಕೊಡೂದಿಲ್ಲೇನು!”

ನನಗೆ ಮಾತು ಬರುವುದರೊಳಗೆ ಸುದ್ದಿ ಊರು ಸೇರಿತ್ತು, ನನ್ನ ತಮ್ಮ ಸೊಲ್ಲಾಪುರಕ್ಕೆ, ನಮ್ಮ ಯಜಮಾನರಿಗೆ, ಫೋನು ಹಚ್ಚಿಯಾಗಿತ್ತು. “ಮಾಮಾ, ತಾಬಡತೋಬ, ಇದ್ದಂಗ ಹೊಂಟು ಬರ್ರಿ,” ಎಂದಷ್ಟೇ ಹೇಳಿ ಇಟ್ಟನಂತೆ. ನಾನು ಎಷ್ಟು ಬಿಡಿಸಿ ಹೇಳಿದರೂ ಹಿರಿಯರು ನಂಬಲಿಲ್ಲ. “ಗಂಡನ ಮರ್ಯಾದಿ ಕಾಯಾಕತ್ತಾಳ, ಪಾಪ,” ಅಂದರು.

ಯಜಮಾನರು ಅಂಗಡಿ ಮುಚ್ಚಿ ಓಡಿ ಬಂದರು. ಬೆವರಿ ತೊಪ್ಪೆಯಾಗಿದ್ದರು. ಕಟ್ಟೆಯ ಮೇಲೆ ಹಿರಿಯರು, ಮೂಲೆಯಲ್ಲಿ ನಾನು. ಕಾಕಾ ಸುಮ್ಮನೆ ಅವರ ಮುಖ ದಿಟ್ಟಿಸಿದ. ಅಷ್ಟಕ್ಕೇ ಇವರು ಕೈ ಜೋಡಿಸಿಬಿಟ್ಟರು.

“ತಪ್ಪಾತ್ರಿ ಕಾಕಾ. ಇಷ್ಟು ಮನಸಿಗೆ ಹಚ್ಕೋತಾಳಂತ ಗೊತ್ತಿರಲಿಲ್ಲ. ನಮ್ಮ ಲಗ್ನದ ವಾರ್ಷಿಕೋತ್ಸವಕ್ಕ ಕೊಟ್ಟ ಪೈಠಣಿ ಸೀರಿ, ಗಿರಾಕಿ ವಾಪಸ್ ಕೊಟ್ಟ ಮಾಲು.”

ನಾನು ತಲೆ ಎತ್ತಿದೆ. ಅದನ್ನುಟ್ಟು ಮೂರು ಮದುವೆಗೆ ಹೋಗಿ ಮೆರೆದು ಬಂದವಳು ನಾನು! ಕಾಕಾ ಇನ್ನೂ ದಿಟ್ಟಿಸುತ್ತಲೇ ಇದ್ದ.

“ಮತ್ತ... ಹಿಂದ ಆಕಿ ತವರಿಗೆ ಬಂದಾಗ ಮಾಳಿಗಿ ಮ್ಯಾಲಿನ ತುಳಸಿಗೆ ನೀರು ಹಾಕೂದು ಮರ್ತಿದ್ದೆ. ಒಣಗಿತು. ಬ್ಯಾರೆ ತಂದಿಟ್ಟೆ.” ಜೋಡಿಸಿದ ಕೈ ಇನ್ನಷ್ಟು ಮೇಲೆತ್ತಿದರು. “ಎರಡು ಸಲಾ.”

ಕಾಕಾ ನನ್ನ ಕಡೆ ತಿರುಗಿದ. “ಇದಾ ಏನವ್ವಾ ನಿನ್ನ ದುಃಖ?”

“ಇಲ್ಲರಿ ಕಾಕಾ,” ಅಂದೆ. “ಇದೆಲ್ಲಾ ನನಗ ಈಗ ಗೊತ್ತಾತು. ನಾ ಬರೇ ಡಾಕ್ಟರು ಹೇಳ್ಯಾರಂತ ಓಡಾಕತ್ತಿದ್ದೆ.”

ನಮ್ಮ ಯಜಮಾನರು ನನ್ನ ಮುಖ ನೋಡಿದರು. ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿಕೊಂಡು ತಮ್ಮನ ಕಿವಿಯ ಹತ್ತಿರ ಬಾಗಿದರು.

“ಆ ಓಡೋ ಹಾದಿ ಯಾವ ಕಡೆ ಅದಪಾ?”