ನಲವತ್ಮೂರು ದೂರುಗಳ ಬ್ಲಾಗು

ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕಂಡಕಂಡವರ ಕಾಗುಣಿತ ತಿದ್ದಿ ನಿವೃತ್ತರಾದ ಪ್ರೂಫ್ ರೀಡರ್ ರಾಯರು ಕಡೆಗೂ ಸ್ವಂತಕ್ಕೆಂದು ಒಂದು ಬ್ಲಾಗು ತೆರೆದಿದ್ದರು. ಹೆಚ್ಚುಕಡಿಮೆ ಒಂದೂವರೆ ತಿಂಗಳಿಂದ ದಿನಕ್ಕೊಂದು ಬರಹ. ಸೋರುವ ನಲ್ಲಿ, ಪಕ್ಕದ ಮನೆ ಬೆಕ್ಕು, ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವ ಕಷ್ಟ, ಯಾವುದನ್ನೂ ಬಿಟ್ಟಿರಲಿಲ್ಲ. (ಅಲ್ಪವಿರಾಮ ಒಂದೂ ತಪ್ಪಿರಲಿಲ್ಲ.) ಅಂಥ ಬ್ಲಾಗಿಗೆ ಒಂದು ಬೆಳಗ್ಗೆ ಬೀಗ ಬಿದ್ದಿತ್ತು. ಅದು ಸ್ಪ್ಯಾಮ್ ಎಂದು ನಲವತ್ಮೂರು ದೂರು ಬಂದಿವೆ, ಹತ್ತು ದಿನದಲ್ಲಿ ಸಮಜಾಯಿಷಿ ಕೊಡದಿದ್ದರೆ ಎಲ್ಲವನ್ನೂ ಅಳಿಸುತ್ತೇವೆ ಎಂದು ಬ್ಲಾಗಿಗೆ ಜಾಗ ಕೊಟ್ಟ ಕಂಪನಿಯವರು ಬರೆದಿದ್ದರು.

ಬೇರೆ ಪ್ರತಿ ಇರಲಿಲ್ಲ. ಜೀವಮಾನದಲ್ಲಿ ತಮ್ಮದೆಂದು ಬರೆದದ್ದು ಅಷ್ಟೇ. ರಾಯರು ಓಡಿಹೋಗಿ ಹೆಂಡತಿಗೆ ಆ ಪತ್ರ ಓದಿ ಹೇಳಿದರು.

ಸ್ಪ್ಯಾಮ್ ಅಂದರೇನು ಎಂದು ಹೆಂಡತಿ ಕೇಳಿದರು. ಯಾರೂ ಕೇಳದಿದ್ದರೂ ದಿನಾ ಬಂದು ಬೀಳುವ ಕಸ ಎಂದು ಇವರು ವಿವರಿಸಿದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು.

"ಇದು ನಿನ್ನ ತಮ್ಮನದೇ ಕೆಲಸ" ಎಂದು ಇವರು ಹಿಂದೆಯೇ ಹೋದರು.

"ಅವನು ನಿಮ್ಮ ಬ್ಲಾಗು ಓದ್ತಾನೆ ಅಂತ ಯಾರು ಹೇಳಿದ್ದು ನಿಮಗೆ?"

ಆ ಮಾತಿನಿಂದಲೇ ಅವರಿಗೊಂದು ಸಮಾಧಾನ ಹೊಳೆಯಿತು. ದೂರು ಕೊಡಬೇಕಾದರೆ ಓದಬೇಕು. ಅಂದರೆ ನಲವತ್ಮೂರು ಮಂದಿ ಓದಿದ್ದಾರೆ! ಒಡಹುಟ್ಟಿದ ಅಕ್ಕನನ್ನು ಬಿಟ್ಟು ಯಾರೂ ಓದುವುದಿಲ್ಲ ಎಂದುಕೊಂಡಿದ್ದ ರಾಯರು ಒಳಗೊಳಗೇ ಉಬ್ಬಿಹೋದರು. ಸಮಜಾಯಿಷಿಯಲ್ಲೂ 'ನನ್ನ ವಿಶಾಲ ಓದುಗ ಸಮುದಾಯ' ಎಂದೇ ಶುರುಮಾಡಿದರು.

ಎರಡನೇ ಸಾಲಿನಲ್ಲಿದ್ದಾಗ ಬೇರೆ ಊರಿನಿಂದ ಅಕ್ಕನ ಫೋನು ಬಂತು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಮಂಡಿನೋವಿನಿಂದ ಈಚೆಗೆ ಮನೆಬಿಟ್ಟು ಹೊರಡುವುದೇ ಇಲ್ಲ.

"ನಿನ್ನ ಪುಟ ಇವತ್ತು ತೆರೀತಾನೇ ಇಲ್ಲ ಕಣೋ. ಹುಷಾರಾಗಿದ್ದೀಯ ತಾನೆ? ನನಗೆ ವರದಿ ಕೊಡೋಕೇ ಆಗಲಿಲ್ಲ."

"ಏನು ವರದಿ ಅಕ್ಕ?"

"ನೀನೇ ಹೇಳಿದ್ದಲ್ಲ, ಓದಿದ್ದು ಗೊತ್ತಾಗೋ ಹಾಗೆ ಕೆಳಗೆ ಏನಾದ್ರೂ ಒತ್ತು ಅಂತ. 'ವರದಿ ಮಾಡಿ' ಅಂತಿತ್ತು, ಒತ್ತಿದೆ. ಡ್ಯೂಟಿ ಮುಗಿದ ಮೇಲೆ ವರದಿ ಒಪ್ಪಿಸದೆ ನಾನು ಯಾವತ್ತಾದ್ರೂ ಮನೆಗೆ ಹೋಗಿದ್ದುಂಟಾ?"

ಒತ್ತಿದ ಮೇಲೆ ಇನ್ನೇನಾದರೂ ಕೇಳುತ್ತಿತ್ತೇ ಎಂದು ರಾಯರು ಮೆಲ್ಲಗೆ ವಿಚಾರಿಸಿದರು.

"ಮೂರು ಸಾಲು ಬರೋದು. ಹಿಂಸೆ ಇದೆ, ಅಶ್ಲೀಲ ಇದೆ, ಬೇಡವೆಂದರೂ ಪದೇ ಪದೇ ಬರುತ್ತಿದೆ. ಮೊದಲ ಎರಡು ಶುದ್ಧ ಸುಳ್ಳು. ನಿನ್ನದು ದಿನಾ ಬರೋದಂತೂ ನಿಜ ತಾನೆ? ಅದನ್ನೇ ಒತ್ತಿದೆ. ಕಣ್ಣು ಉರಿದ ದಿನವೂ ತಪ್ಪಿಸಿಲ್ಲ ಕಣೋ."

ರಾಯರು ಬೆರಳು ಮಡಿಸಿ ಲೆಕ್ಕ ಹಾಕಿದರು. ಬರಹಗಳೂ ನಲವತ್ಮೂರೇ. ಅವರ ವಿಶಾಲ ಸಮುದಾಯವೆಲ್ಲ ಮಂಡಿಗೆ ಎಣ್ಣೆ ಹಚ್ಚಿಕೊಂಡು ಆ ಕಡೆಯಿಂದ ಮಾತಾಡುತ್ತಿತ್ತು. ಅವರಿಗೆ ನಗು ಬಂತು, ಅದಕ್ಕಿಂತ ಮೊದಲು ಅಳು ಬಂತು.

"ನನ್ನ ವರದಿ ನಿನಗೆ ಸಿಗ್ತಿತ್ತು ತಾನೆ?"

"ಸಿಕ್ತು ಅಕ್ಕ" ಎಂದರು ರಾಯರು. "ನಲವತ್ಮೂರೂ ಸಿಕ್ತು."